ಬೆಳಿಗ್ಗೆ ಹೋಗಿ ಸಂಜೆ ಬರುವ ನೆಪಗಳು

ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಲೋಕದವರೆಲ್ಲ "ಅಯ್ಯೋ ಪಾಪ" ಎನ್ನುತ್ತಾರೆ. ನನ್ನ ಬಾಯಿಗೆ ಮೊದಲು ಬರುವುದು "ಯಾವ ಊರು?" ಎಂಬ ಮಾತು. ಮೊನ್ನೆಯೂ ಹೀಗೇ ಆಯಿತು. ಸೊಸೆ ಬಂದು ಯಾರದೋ ಸಾವಿನ ಸುದ್ದಿ ಹೇಳಿದಳು. ನಾನು ಊರು ಕೇಳಿದೆ, ದಾರಿ ಕೇಳಿದೆ, ಬಸ್ಸು ಎಷ್ಟು ಹೊತ್ತಿಗೆ ಎಂದೂ ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ಅತ್ತೆ, ನಿಮಗೆ ಅವರ ಪರಿಚಯವೇ ಇಲ್ಲವಲ್ಲ" ಎಂದಳು. ನಿಜ, ಇರಲಿಲ್ಲ. ನಾಚಿಕೆಯಾಯಿತು. ಆದರೆ ನಾನೇನು ಮಾಡಲಿ? ಕೆಲವರಿಗೆ ಅತ್ತೆಯಿಂದ ಕಾಸಿನ ಸರ ಬರುತ್ತದೆ, ಕೆಲವರಿಗೆ ಕರೆಯುವ ಎಮ್ಮೆ ಬರುತ್ತದೆ. ನನಗೆ ಬಂದದ್ದು ನಿಂತಲ್ಲಿ ನಿಲ್ಲದ ಕಾಲು.

ನಾನು ಹಾಸನದ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನೇಳು ವರ್ಷ. ದೂರದೇಶದಲ್ಲೆಲ್ಲೋ ದೊಡ್ಡ ಯುದ್ಧ ನಡೆಯುತ್ತಿತ್ತು. ನಮ್ಮ ಬಾಗಿಲ ತನಕ ಬಂದ ಯುದ್ಧವೆಂದರೆ ಸೀಮೆಎಣ್ಣೆಯ ಪರದಾಟ ಮತ್ತು ಇದ್ದಿಲಿನ ಬಸ್ಸು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಬಚ್ಚಲ ಹಂಡೆಯಂಥ ಒಂದು ಒಲೆ ಕಟ್ಟಿ, ಅದರೊಳಗೆ ಇದ್ದಿಲು ತುಂಬಿ, ಒಬ್ಬ ಹಿಂದೆ ನಿಂತು ಗಾಳಿಯ ಹಿಡಿಯನ್ನು ತಿರುವಿ ತಿರುವಿ ಕಾವು ಏರಿಸುತ್ತಿದ್ದ. ಅರ್ಧ ಗಂಟೆ ಕೆಮ್ಮಿದ ಮೇಲೆ ಬಸ್ಸು ಹೊರಡುವ ಮನಸ್ಸು ಮಾಡುತ್ತಿತ್ತು. ದಿಣ್ಣೆ ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು, ಹೆಂಗಸರು ಒಳಗೇ ಕೂತು ಶಿವಶಿವ ಎನ್ನಬೇಕು. ನನ್ನ ಅತ್ತೆ ಗುರುಸಿದ್ದಮ್ಮನವರು ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನೊಸಿ ಜೋರಾಗಿ ತಳ್ರಪ್ಪಾ, ಉಂಡಿಲ್ವಾ?" ಎನ್ನುತ್ತಿದ್ದರು.

ಅತ್ತೆಗೆ ಆಗ ನಲವತ್ತೈದು ದಾಟಿತ್ತು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆಯ ಚೀಲ. ನೋಡಿದವರು ಗಂಭೀರದ ಹೆಂಗಸು ಎನ್ನಬೇಕು. ಕಾಲು ಮಾತ್ರ ಬೇರೆ ಯಾರದೋ. ಕೂತರೆ ಹೆಬ್ಬೆರಳು ಆಡುತ್ತಲೇ ಇರುತ್ತಿತ್ತು. ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ ಹಿತ್ತಿಲಿಗೆ ಮೂರು ಸಲ, ಬೀದಿ ಬಾಗಿಲಿಗೆ ನಾಲ್ಕು ಸಲ ಹೋಗಿ ಬರುತ್ತಿದ್ದರು. ಬೀದಿಯಲ್ಲಿ ಏನೂ ಇರುತ್ತಿರಲಿಲ್ಲ. ಏನೂ ಇಲ್ಲವೆಂದು ನೋಡಿಕೊಂಡು ಒಳಗೆ ಬಂದ ಮೇಲೆ, ಈಗೇನಾದರೂ ಬಂದಿರಬಹುದೇ ಎಂದು ಮತ್ತೆ ಹೋಗಬೇಕೆನಿಸುತ್ತಿತ್ತು.

ಮಾವನವರದು ಪೇಟೆಯಲ್ಲಿ ಬೆಲ್ಲ, ಮೆಣಸಿನಕಾಯಿಯ ಮಂಡಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಗಾದಿಯ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವವರು. ಮಾತನ್ನೂ ಬೆಲ್ಲದ ಹಾಗೆ ತೂಗಿ ಕೊಡುತ್ತಿದ್ದರು, ಅದೂ ಒಂದು ಚೂರು ಕಡಿಮೆಯೇ. ನನ್ನ ಗಂಡ ಸರಕಿಗೆಂದು ಅರಸೀಕೆರೆ, ತಿಪಟೂರು ಸುತ್ತುತ್ತಿದ್ದರು. ಗಂಡಸರಿಗೆ ತಿರುಗಾಟವೇ ಕೆಲಸ. ಹೆಂಗಸರು ಹೊಸ್ತಿಲು ದಾಟಬೇಕಾದರೆ ಕಾರಣ ಬೇಕು, ಅದೂ ಸಣ್ಣಪುಟ್ಟ ಕಾರಣ ಆಗದು. ಯಾರಾದರೂ ಹುಟ್ಟಿರಬೇಕು, ಇಲ್ಲವೇ ಸತ್ತಿರಬೇಕು, ಕಡೇಪಕ್ಷ ಜ್ವರ ಬಂದು ಮಲಗಿರಬೇಕು. ದೀಪ ಹಚ್ಚುವುದರೊಳಗೆ ಮನೆಗೆ ಬಂದಿರಬೇಕು ಎಂಬುದು ಅದರ ಮೇಲಿನ ಕಟ್ಟಳೆ.

ಹೀಗಾಗಿ ಮಧ್ಯಾಹ್ನ ಮೊರ ಮುಂದಿಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುವಾಗ ನಾವು ಊರುಗಳನ್ನೂ ಆರಿಸುತ್ತಿದ್ದೆವು.

"ಚನ್ನರಾಯಪಟ್ಟಣಕ್ಕೆ ಓಗಿ ಎಷ್ಟು ದಿನ ಆಯ್ತವ್ವ?"

"ಮೂರು ವಾರ, ಅತ್ತಮ್ಮ."

"ಅಕ್ಕನಿಗೆ ಮಂಡಿನೋವು ಅಂತ ಓದ ಸತಿ ಹೇಳಾಗೈತೆ. ಇನ್ನೊಸಿ ದಿನ ಬುಡಾನ. ಅರಕಲಗೂಡಲ್ಲಿ ನಮ್ಮೋರು ಯಾರಾದ್ರೂ ಬಸುರಿ ಇದ್ದಾರಾ?"

"ಇದ್ದಾರೆ. ಆದ್ರೆ ಐದೇ ತಿಂಗಳು."

"ಥತ್" ಎಂದು ಅತ್ತೆ ಒಂದು ಕಲ್ಲನ್ನು ಅಂಗಳಕ್ಕೆ ಎಸೆಯುತ್ತಿದ್ದರು.

ಚನ್ನರಾಯಪಟ್ಟಣದಲ್ಲಿ ಅತ್ತೆಯ ಸ್ವಂತ ಅಕ್ಕ ಇದ್ದರು. ತೆಂಗಿನ ತೋಟ, ಊರ ಪಕ್ಕದಲ್ಲೇ ದೊಡ್ಡ ಕೆರೆ. ಅಕ್ಕತಂಗಿಯರು ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬಂದರೆ ಅತ್ತೆಯ ಮುಖ ಎಂಟು ದಿನ ತಿಳಿಯಾಗಿರುತ್ತಿತ್ತು. ಅರಕಲಗೂಡಿನಲ್ಲಿ ದೂರದ ನೆಂಟರು ನಾಲ್ಕಾರು ಮನೆ. ಹೊಳೆನರಸೀಪುರದಲ್ಲಿ ಒಬ್ಬ ಸೋದರಳಿಯ ಇದ್ದವನು ಮೈಸೂರಿಗೆ ಹೋಗಿ ನೆಲೆಸಿಬಿಟ್ಟಿದ್ದ. ಅಲ್ಲಿಗೆ ರೈಲೂ ಇತ್ತು, ಬಸ್ಸೂ ಇತ್ತು, ಹೇಮಾವತಿ ಹೊಳೆಯೂ ಇತ್ತು. ನೆಂಟರೇ ಇಲ್ಲದ ಮೇಲೆ ಆ ದಿಕ್ಕಿಗೇ ಬಾಗಿಲು ಬಿದ್ದಂತಾಗಿತ್ತು.

ಇಷ್ಟು ಹೇಳಿದ ಮೇಲೆ ನನ್ನನ್ನು ನೀವು ಅತ್ತೆಯ ಹಿಂದೆ ತಲೆತಗ್ಗಿಸಿ ಹೋದ ಪಾಪದ ಸೊಸೆ ಎಂದುಕೊಳ್ಳಬೇಡಿ. ಮಾವನವರ ಎದುರಿಗೆ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದೆ, ಅಷ್ಟೇ. ಹೊರಡುವ ಹಿಂದಿನ ದಿನವೇ ಸೀರೆ ಮಡಿಸಿ ದಿಂಬಿನಡಿ ಇಟ್ಟು ಮಲಗುತ್ತಿದ್ದವಳು ನಾನು.

ಒಂದು ದಿನ ಮಂಡಿಗೆ ಬೆಲ್ಲ ಹಾಕಲು ಬಂದ ಅರಕಲಗೂಡಿನ ಗಾಡಿಯವನು ನೀರು ಕೇಳಿಕೊಂಡು ಮನೆಗೆ ಬಂದ. ಅತ್ತೆ ಚೊಂಬು ಕೊಟ್ಟು, ಎಂದಿನಂತೆ ಆ ಊರಿನವರ ಕ್ಷೇಮವನ್ನೆಲ್ಲ ಒಬ್ಬೊಬ್ಬರದಾಗಿ ವಿಚಾರಿಸಿದರು.

"ಈರಬಸಪ್ಪನೋರು ಎಂಗವ್ರಪ್ಪಾ?"

"ಅವ್ರು ಓದ್ರಲ್ಲವ್ವ, ಮೊನ್ನೆ ಸೋಮವಾರ" ಎಂದ ಅವನು, ಗಟಗಟ ನೀರು ಕುಡಿದು ಹೊರಟೇ ಹೋದ.

ಈರಬಸಪ್ಪನವರು ಅತ್ತೆಯ ದೊಡ್ಡಮ್ಮನ ಕಡೆಯಿಂದ ಅಣ್ಣನಾಗಬೇಕು. ಎಂಬತ್ತರ ಹತ್ತಿರದ ಮುದುಕರು. ಅತ್ತೆ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡ ಕೈಯಲ್ಲೇ ಸೀರೆಯ ಪೆಟ್ಟಿಗೆ ತೆಗೆದರು.

ಮಾರನೆಯ ದಿನ ಬಸ್ಸಿನಲ್ಲಿ ಇಬ್ಬರೂ ಬಹಳ ಸಂತೋಷವಾಗಿ ಹೋದೆವು. ಮಳೆ ಬಂದು ಹೋದ ಕಾಲ, ದಾರಿಯುದ್ದಕ್ಕೂ ಗದ್ದೆ ಹಸಿರು. ಅತ್ತೆ ಬಗ್ಗಿ ಬಗ್ಗಿ ಎರಡೂ ಕಡೆ ನೋಡಿದರು. ಅರಕಲಗೂಡಿನಲ್ಲಿ ಇಳಿದು ಈರಬಸಪ್ಪನವರ ಬೀದಿಯ ತಿರುವಿಗೆ ಬರುತ್ತಿದ್ದಂತೆ ಸೆರಗನ್ನು ಬಾಯಿಗೆ ಇಟ್ಟುಕೊಂಡು, "ಓಗ್ಬುಟ್ಯಾ ನನ್ನಣ್ಣಾ, ಒಂದು ಮಾತೂ ಯೋಳದೆ ಓಗ್ಬುಟ್ಯಾ" ಎಂದು ರಾಗ ತೆಗೆದರು. ಸಾವಿನ ಮನೆಗೆ ಅಳುತ್ತಲೇ ಹೋಗುವುದು ಪದ್ಧತಿ. ನಾನೂ ನನಗೆ ಗೊತ್ತಿದ್ದಷ್ಟು ದನಿಗೂಡಿಸಿದೆ. ಬೀದಿಯ ಬಾಗಿಲುಗಳೆಲ್ಲ ತೆರೆದವು. ಎಲ್ಲರಿಗಿಂತ ಮೊದಲು ಹೊರಗೆ ಬಂದವರು ಈರಬಸಪ್ಪನವರೇ.

"ಯಾರವ್ವ ಸತ್ತೋದ್ದು?" ಎಂದರು ಅವರು, ಕೈಯಲ್ಲಿ ಕೋಲು ಹಿಡಿದು.

ಅವರು ಸೋಮವಾರ ಹೋಗಿದ್ದು ಪಿರಿಯಾಪಟ್ಟಣದ ಮಗಳ ಮನೆಗೆ. ಹಿಂದಿನ ದಿನವಷ್ಟೇ ವಾಪಸು ಬಂದಿದ್ದರು. ಭೂಮಿ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ಅತ್ತೆಯ ಬಾಯಲ್ಲಿ ರಾಗ ಅರ್ಧಕ್ಕೆ ನಿಂತಿತ್ತು. ಅದನ್ನು ನುಂಗಿಕೊಂಡು, "ನಿಂಗೆ ಉಸಾರಿಲ್ಲ ಅಂದ್ರಲ್ಲಣ್ಣ, ಅದ್ಕೇ ಸಂಕಟ ಆಗಿ..." ಎಂದರು.

ಮುದುಕರು ದಡ್ಡರಲ್ಲ. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸತ್ತ ಮ್ಯಾಲೆ ಬರೋರು ಬೇಕಾದಷ್ಟು ಜನ ಅವ್ರೆ ಕಣವ್ವ. ಬದುಕಿದ್ದಾಗ್ಲೇ ಬಂದು ಅತ್ತೋಳು ನೀನೊಬ್ಬಳೇ. ಬಾ ಒಳಿಕ್ಕೆ" ಎಂದು ಕರೆದುಕೊಂಡು ಹೋಗಿ ಒಬ್ಬಟ್ಟು ಮಾಡಿಸಿ ಉಣ್ಣಿಸಿದರು. ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದ ಸಾವಿನ ಮನೆಯ ಊಟ ನಾನು ಉಂಡಿಲ್ಲ.

ಕಷ್ಟ ಶುರುವಾದದ್ದು ಅಲ್ಲಿಂದಲೇ. ಸಂತೋಷವಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಗುಣ ಈರಬಸಪ್ಪನವರಿಗಿರಲಿಲ್ಲ. ಮುಂದಿನ ತಿಂಗಳು ಹಾಸನಕ್ಕೆ ಬಂದಾಗ ಮಂಡಿಯಲ್ಲಿ ಗಿರಾಕಿಗಳೆದುರಿಗೇ ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಪೇಟೆಯೆಲ್ಲ ನಕ್ಕಿತು. ಮಾವನವರು ಮನೆಗೆ ಬಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಅತ್ತೆಯ ಕಡೆ ನೋಡದೆ ಹೇಳಿದರು: "ಇನ್ಮೇಲೆ ಯಾರು ಸತ್ರೂ ಯಾರು ಎತ್ರೂ ನಾನೇ ಓಗಿ ಬತ್ತೀನಿ. ನೀವಿಬ್ರೂ ಮನೇಲಿರಿ."

ಅಂದಿನಿಂದ ನಮ್ಮ ಮನೆ ಅತ್ತೆಗೆ ಚಿಕ್ಕದಾಯಿತು. ಒಂದೇ ಅಕ್ಕಿಯನ್ನು ಮೂರು ಸಲ ಆರಿಸಿದರು. ಅಟ್ಟದ ಮೇಲಿನ ಪಾತ್ರೆಗಳು ಕೆಳಗೆ ಬಂದವು, ಕೆಳಗಿನವು ಅಟ್ಟಕ್ಕೆ ಹೋದವು, ವಾರ ಕಳೆಯುವಷ್ಟರಲ್ಲಿ ಮತ್ತೆ ಇಳಿದವು. ಬಾವಿಯಿಂದ ನೀರು ಸೇದಿ ಸೇದಿ ತೊಟ್ಟಿ ತುಂಬಿ ಹರಿದು ಹಿತ್ತಿಲೆಲ್ಲ ಕೆಸರಾಯಿತು. ಬಸ್ಸಿನ ಸದ್ದು ಕೇಳಿದರೆ ಕೈಯಲ್ಲಿದ್ದುದನ್ನು ಹಾಗೇ ಹಿಡಿದು ನಿಂತು, ಅದು ದೂರವಾಗುವ ತನಕ ಕೇಳಿ, "ಪಟ್ಟಣದ್ದು" ಎನ್ನುತ್ತಿದ್ದರು, ಅಂದರೆ ಚನ್ನರಾಯಪಟ್ಟಣದ್ದು. ಅವರ ಚಡಪಡಿಕೆ ನನಗೂ ಅಂಟಿ, ಇಬ್ಬರೂ ಅಡಿಗೆಮನೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದೆವು.

ಹೀಗಿರುವಾಗ ಕೋರ್ಟಿನ ಕೆಲಸಕ್ಕೆಂದು ಬಂದಿದ್ದ ಚನ್ನರಾಯಪಟ್ಟಣದವರೊಬ್ಬರು ಮಂಡಿಗೆ ಹೋಗಿ, ಅತ್ತೆಯ ಅಕ್ಕನಿಗೆ ಮೈಯಲ್ಲಿ ಚೆನ್ನಾಗಿಲ್ಲ, ತಂಗಿಯನ್ನು ನೋಡಬೇಕೆನ್ನುತ್ತಿದ್ದಾರೆ ಎಂದು ಹೇಳಿಹೋದರು. ಸಂಜೆ ಮಾವನವರು ಕೈಕಾಲು ತೊಳೆಯುತ್ತ ನಗುನಗುತ್ತಲೇ ಆ ಮಾತು ತೆಗೆದರು.

"ನಿಮ್ಮಕ್ಕನಿಗೆ ಉಸಾರಿಲ್ವಂತೆ. ಈ ಸತಿ ಒಳ್ಳೇ ಕೋಟು ಹಾಕ್ಕೊಂಡೋರ ಕೈಲೇ ಹೇಳಿಸಿದ್ದೀಯ."

"ನಾನ್ಯಾರಿಗೂ ಹೇಳಿ ಕಳಿಸಿಲ್ಲ" ಎಂದರು ಅತ್ತೆ. "ನನ್ನಾಣೆ. ನಾಳೆ ಬೆಳಿಗ್ಗೆ ಬಸ್ಸಿಗೇ ಓಯ್ತೀನಿ."

"ನಾಳೆ ಸಂತೆ. ನಾಳಿದ್ದು ನಾನೇ ಓಗಿ ನೋಡ್ಕೊಂಡು ಬತ್ತೀನಿ, ಬುಡು."

ಅತ್ತೆ ನನ್ನ ಕಡೆ ನೋಡಿದರು. ಇದು ನಿಜ ಎಂದು ನಾನಾದರೂ ಹೇಳಲಿ ಎಂಬಂತಿತ್ತು ಆ ನೋಟ. ಹೇಳಬಹುದಿತ್ತು. ಎಷ್ಟೋ ಸುಳ್ಳಿಗೆ ಹೂಂ ಎಂದಿದ್ದ ನನ್ನ ಬಾಯಿ ಅವತ್ತು ಒಂದು ನಿಜಕ್ಕೆ ಏಳಲಿಲ್ಲ. ಇಷ್ಟು ವರ್ಷವಾದರೂ ಅದು ನನ್ನನ್ನು ಬಿಟ್ಟಿಲ್ಲ.

ಸಂತೆ ಕಳೆದು ಮಾವನವರು ಹೋದರು. ಸಂಜೆ ಬಂದವರು ಅಂಗಳದಲ್ಲೇ ನಿಂತರು, ರುಮಾಲು ಬಿಚ್ಚಲಿಲ್ಲ. "ನಾನು ಓಗೋ ಒತ್ಗೆ ಮಣ್ಣಾಗೋಗಿತ್ತು" ಎಂದರು. "ನಿನ್ನೆ ಮಧ್ಯಾನದ ತನಕ ಮಾತಾಡ್ತಿದ್ರಂತೆ."

ಬದುಕಿದ್ದವರಿಗೆ ಬೀದಿ ತುಂಬ ರಾಗ ಎಳೆದಿದ್ದ ಅತ್ತೆ, ಒಡಹುಟ್ಟಿದ ಅಕ್ಕನಿಗೆ ಗಟ್ಟಿಯಾಗಿ ಅಳಲಿಲ್ಲ. ಕಂಬಕ್ಕೆ ಒರಗಿ ಕೂತರು. ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಹೆಬ್ಬೆರಳು ಆಡಲಿಲ್ಲ. ಮಾವನವರು ಒಳಗೆ ಹೋದರು.

ಆಮೇಲೆ ಚನ್ನರಾಯಪಟ್ಟಣಕ್ಕೆ ಎಲ್ಲರೂ ಹೋಗಿ ಕರ್ಮ ಮುಗಿಸಿಕೊಂಡು ಬಂದೆವು. ಎರಡು ತಿಂಗಳು ಮನೆಯಲ್ಲಿ ಮಾತೇ ಇರಲಿಲ್ಲ. ಅತ್ತೆ ಬೀದಿ ಬಾಗಿಲಿಗೂ ಹೋಗಲಿಲ್ಲ. ಆ ಓಡಾಟವಿಲ್ಲದ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಮಾವನವರಿಗೂ ಹಾಗೇ ಆಗಿತ್ತೆಂದು ಕಾಣುತ್ತದೆ, ಹಗಲು ಹೊತ್ತಿನಲ್ಲಿ ನೆವವಿಲ್ಲದೆ ಎರಡು ಸಲ ಮಂಡಿಯಿಂದ ಬಂದು ಇಣುಕಿ ಹೋದರು.

ಒಂದು ದಿನ ಅತ್ತೆ ಮಾವನವರಿಗೆ ಬಡಿಸುತ್ತಿದ್ದವರು ಸೌಟು ಕೆಳಗಿಟ್ಟು, "ನಾಳೆ ಒಂದಿನ ಓಗ್ಬತ್ತೀನಿ" ಎಂದರು.

ಮಾವನವರು ತಲೆ ಎತ್ತಿದರು. "ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಯಾರೂ ಸತ್ತಿಲ್ಲ, ಯಾರೂ ಎತ್ತಿಲ್ಲ. ನಂಗೆ ಓಗ್ಬೇಕು ಅನ್ಸೈತೆ. ಬೆಳಿಗ್ಗೆ ಓಗಿ ಬೈಗಿಗೆ ಬತ್ತೀನಿ. ಸುಳ್ಳು ಹೇಳಿ ಹೇಳಿ, ನಿಜ ಹೇಳ್ದಾಗ ನೀವು ನಂಬ್ನಿಲ್ಲ. ಅದ್ರಲ್ಲಿ ಅರ್ಧ ತಪ್ಪು ನಂದು. ಇನ್ನು ನೆಪ ಹೇಳಿ ಓಗಾಕಿಲ್ಲ ನಾನು."

ಮಿಕ್ಕ ಅರ್ಧ ಯಾರದೆಂದು ಅತ್ತೆ ಹೇಳಲಿಲ್ಲ. ಮಾವನವರು ಕೇಳಲೂ ಇಲ್ಲ. ಕೈ ತೊಳೆದು ಬಂದು, "ಎಲ್ಲಿಗೆ?" ಎಂದರು.

"ಗೊತ್ತಿಲ್ಲ."

"ಸೊಸೇನೂ ಕರ್ಕೊಂಡೋಗು" ಎಂದು ಹೇಳಿ ಹೊರಟರು.

ಬೆಳಿಗ್ಗೆ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಂಡು ಬಸ್ಸು ನಿಲ್ಲುವ ಜಾಗಕ್ಕೆ ಬಂದೆವು. ಮೂರು ಬಸ್ಸುಗಳು ಹೊಗೆಯಾಡುತ್ತ ನಿಂತಿದ್ದವು. ಅತ್ತೆ ಒಂದರ ಹತ್ತಿರ ಹೋದರು, ಬಿಟ್ಟು ಇನ್ನೊಂದರ ಹತ್ತಿರ ಹೋದರು, ಮತ್ತೆ ಮೊದಲನೆಯದರ ಹತ್ತಿರ ಬಂದರು.

"ಎಲ್ಲಿಗೆ ತಾಯಿ?" ಎಂದ ಟಿಕೀಟಿನವನು.

ಇಷ್ಟು ವರ್ಷವೂ ಅತ್ತೆ ಎಲ್ಲಿಗೆ ಹೋಗಬೇಕೆಂಬುದನ್ನು ಹುಟ್ಟಿದವರು, ಸತ್ತವರು ತೀರ್ಮಾನಿಸಿದ್ದರು. ಈಗ ಮೂರು ದಿಕ್ಕೂ ತೆರೆದು ನಿಂತಾಗ ಅವರು ನನ್ನ ಕಡೆ ತಿರುಗಿದರು.

"ನೀನೇ ಹೇಳವ್ವ, ಎಲ್ಲಿಗೆ ಓಗಾನ?"

"ಪಟ್ಟಣಕ್ಕೆ?" ಎಂದೆ, ಅಭ್ಯಾಸಬಲದಿಂದ. ತಕ್ಷಣ ನಾಲಿಗೆ ಕಚ್ಚಿಕೊಂಡೆ.

"ಅಲ್ಲಿ ಇನ್ನೇನೈತೆ" ಎಂದರು ಅತ್ತೆ. "ಅರಕಲಗೂಡಿಗೆ ಓದ್ರೆ ಈರಬಸಣ್ಣ ಮನೇಗೆ ಕರೀತಾನೆ, ಆಮೇಲೆ ಅದೂ ನೆಂಟರ ಮನೇಗೆ ಓದಂಗೇ ಆಯ್ತದೆ." ಬಸ್ಸಿನವನು ಅವಸರ ಮಾಡಿದ. ಅತ್ತೆ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು ಮೂರನೆಯ ಬಸ್ಸಿನ ಕಡೆ ಎಳೆದರು. "ಹೊಳೆನರಸೀಪುರದಲ್ಲಿ ನಮ್ಮೋರು ಅಂತ ಯಾರೂ ಇಲ್ಲ. ಅಲ್ಲಿಗೇ ಓಗಾನ ನಡಿ."

ಯಾರೂ ಕಾಯದ ಊರಿನಲ್ಲಿ ಇಳಿಯುವುದು ವಿಚಿತ್ರ ಅನುಭವ. ಯಾವ ಬೀದಿಗೆ ತಿರುಗಿದರೂ ಸರಿಯೇ, ತಪ್ಪೇ ಇಲ್ಲ. ಕೇಳಿಕೊಂಡು ಹೊಳೆಗೆ ಹೋದೆವು. ಅತ್ತೆ ಒಂದು ಬಂಡೆಯ ಮೇಲೆ ಕೂತರು, ಎದ್ದು ಇನ್ನೊಂದಕ್ಕೆ ಹೋದರು, ಮೊಣಕಾಲ ತನಕ ನೀರಿಗಿಳಿದರು, ಬಂದರು, "ಆ ದಡದಲ್ಲಿ ಏನೈತೋ" ಎಂದರು. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು.

"ಯಾರ ಮನೇಗೆ ಬಂದಿದ್ರಿ?"

"ಯಾರ ಮನೇಗೂ ಇಲ್ಲ" ಎಂದರು ಅತ್ತೆ.

"ಮತ್ತೆ? ದೇವಸ್ಥಾನಕ್ಕಾ?"

"ಊಹೂಂ. ಹೊಳೆಗೆ ಬಂದ್ವಿ."

ಅವಳು ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಹತ್ತಿರ ಬಂದಳು. ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಮೆತ್ತಗೆ ಕೇಳಿದಳು: "ಮನೇಲೇನಾದ್ರೂ ತೊಂದ್ರೇನಾ ತಾಯಿ? ನೀರಿಗೆ ಬಿದ್ರೆ ಬಗೆಹರಿಯಾಕಿಲ್ಲ ಕಣ್ರವ್ವ."

ನಾವು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ನಮ್ಮ ಮತ್ತು ನೀರಿನ ಮಧ್ಯೆ ಕಾವಲಿಗೆ ಕೂತುಬಿಟ್ಟಳು. ಅತ್ತೆ ಗಂಟು ಬಿಚ್ಚಿ ಅವಳಿಗೂ ಎರಡು ರೊಟ್ಟಿ ಕೊಟ್ಟರು. ಮೂವರೂ ತಿಂದೆವು. ಅತ್ತೆ ಮೂರನೆಯ ರೊಟ್ಟಿ ಮುಗಿಸಿ ನಾಲ್ಕನೆಯದಕ್ಕೆ ಕೈ ಹಾಕಿದಾಗ ಅವಳ ಮುಖ ಅರಳಿತು. "ಸಾಯಕ್ಕೆ ಬಂದೋರು ಇಂಗೆ ಉಣ್ಣಾಕಿಲ್ಲ ಬುಡಿ" ಎಂದು ಎದ್ದು ತನ್ನ ಕಲ್ಲಿಗೆ ಹೋದಳು. ಅತ್ತೆ ನಕ್ಕರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಎರಡು ತಿಂಗಳ ಹಿಂದೆ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತೆ, ಗುರುತಿನವರು ಒಬ್ಬರೂ ಇಲ್ಲದ ಆ ಮರಳಿನ ಮೇಲೆ ಕೂತು ಅತ್ತು ಮುಗಿಸಿದರು. ನಾನು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಮುಖ ತೊಳೆದುಕೊಂಡು ಎದ್ದವರೇ ಹರಿಗೋಲಿನವನನ್ನು ಕೂಗಿದರು. ಆಚೆ ದಡದಲ್ಲಿ ಏನು ಕೆಲಸ ಎಂದು ಅವನು ಕೇಳಿದ. "ಕೆಲಸ ಏನಿಲ್ಲ, ದಾಟಿ ವಾಪಸ್ ಬತ್ತೀವಿ" ಎಂದರು. ಹಾಗೇ ಮಾಡಿದೆವು. ಆಚೆ ದಡದಲ್ಲಿಯೂ ಮರಳೇ ಇತ್ತು.

ಬಸ್ಸು ದಾರಿಯಲ್ಲಿ ಎರಡು ಸಲ ನಿಂತದ್ದರಿಂದ ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚಾಗಿತ್ತು. ಹಚ್ಚಿದವರು ಮಾವನವರು. ನಾನು ಸೀದಾ ಒಲೆಯ ಮುಂದೆ ಹೋಗಿ ಮುದ್ದೆಗೆ ಎಸರಿಟ್ಟೆ. ಅವರಿಬ್ಬರೂ ಪಡಸಾಲೆಯಲ್ಲಿದ್ದರು.

"ಎಲ್ಲಿಗೆ ಓಗಿದ್ರಿ?"

"ಹೊಳೆನರಸೀಪುರಕ್ಕೆ."

"ಅಲ್ಲಿ ಯಾರವ್ರೆ?"

"ಯಾರೂ ಇಲ್ಲ. ಹೊಳೆ ನೋಡ್ದೊ."

"ದಿನವೆಲ್ಲಾ?"

"ದಿನವೆಲ್ಲಾ."

ಬೈಗುಳ ಈಗ ಬಂತು, ಈಗ ಬಂತು ಎಂದು ನಾನು ಕೈಯಲ್ಲಿ ಮುದ್ದೆಕೋಲು ಹಿಡಿದು ನಿಂತಿದ್ದೆ.

"ನೀರು ಎಷ್ಟಿತ್ತು?" ಎಂದು ಮಾವನವರು ಕೇಳಿದರು.

ಅತ್ತೆ ಹೇಳತೊಡಗಿದರು. ನೀರು ಎಲ್ಲಿ ಆಳ, ಎಲ್ಲಿ ಬಂಡೆಗೆ ಬಡಿದು ನೊರೆ ಎದ್ದಿತ್ತು, ಹರಿಗೋಲು ನಡುಹೊಳೆಯಲ್ಲಿ ಹೇಗೆ ಗಿರ್ರನೆ ತಿರುಗಿತು, ರೊಟ್ಟಿ ತಿಂದ ಹೆಂಗಸು ಏನೆಂದಳು ಎಲ್ಲವನ್ನೂ. ಮಾವನವರು ಮಧ್ಯೆ ಮಧ್ಯೆ "ಊಂ" ಎನ್ನುತ್ತಿದ್ದರು. ಒಮ್ಮೆ ನಕ್ಕದ್ದೂ ಕೇಳಿಸಿತು. ಅವರಿಬ್ಬರ ಮದುವೆಯಾಗಿ ಮೂವತ್ತು ವರ್ಷ ದಾಟಿತ್ತು. ಕಂಡದ್ದನ್ನು ಒಬ್ಬರು ಹೇಳಿ ಇನ್ನೊಬ್ಬರು ಕೇಳಿದ್ದನ್ನು ನಾನು ಆ ಮನೆಯಲ್ಲಿ ಕಂಡದ್ದು ಅಂದೇ ಮೊದಲು. ಮುದ್ದೆ ಕಟ್ಟಿ ತಟ್ಟೆಗೆ ಹಾಕಿದ್ದೆ. ಆರುತ್ತಿತ್ತು. ನಾನು ಅವರನ್ನು ಊಟಕ್ಕೆ ಕರೆಯಲಿಲ್ಲ.